ಗೂಗಲ್ ಅಪ್‌ಡೇಟ್ ಬಂತು, ವೆಬ್‌ಸೈಟ್ ಬಿತ್ತು: ಒಳಗೆ ನಿಜಕ್ಕೂ ಏನಾಗುತ್ತೆ?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಇಲ್ಲಿ ಬರಹ ರೂಪದಲ್ಲಿ ಕೊಡ್ತಾ ಇದ್ದೀನಿ. ವಿಡಿಯೋದಲ್ಲಿ ಲೆಕ್ಕಗಳನ್ನ ಸ್ವಲ್ಪ ಬೇಗ ಹೇಳಿಬಿಟ್ಟೆ, ಇಲ್ಲಿ ನಿಧಾನವಾಗಿ ನೋಡೋಣ.

ವಿಷಯ ಇದು. ನಮ್ಮಲ್ಲಿ ಅನೇಕರು ಸ್ವಂತದ್ದೊಂದು ವೆಬ್‌ಸೈಟ್ ನಡೆಸ್ತಾರೆ. ಕೆಲವರದ್ದು ಅಡುಗೆ ಬ್ಲಾಗ್, ಕೆಲವರದ್ದು ಪ್ರವಾಸದ ಮಾಹಿತಿ, ಕೆಲವರದ್ದು ಮನೆಯಿಂದಲೇ ಚಟ್ನಿಪುಡಿ, ಸಾರಿನಪುಡಿ ಮಾರೋ ಸಣ್ಣ ವ್ಯಾಪಾರ. ದಿನಾ ಒಂದಿಷ್ಟು ಜನ ಗೂಗಲ್‌ನಲ್ಲಿ ಹುಡುಕಿ ಬರ್ತಾ ಇರ್ತಾರೆ. ಒಂದು ದಿನ ನೋಡಿದ್ರೆ ಬರೋರ ಸಂಖ್ಯೆ ಅರ್ಧಕ್ಕೆ ಇಳಿದಿರುತ್ತೆ. ಸೈಟ್‌ನಲ್ಲಿ ಒಂದಕ್ಷರ ಬದಲಾಯಿಸಿರೋದಿಲ್ಲ. ವಿಚಾರಿಸಿದ್ರೆ "ಗೂಗಲ್ ಕೋರ್ ಅಪ್‌ಡೇಟ್ ಬಂದಿದೆ" ಅಂತಾರೆ. ಹಾಗಂದ್ರೆ ಏನು? ನಮ್ಮ ತಪ್ಪು ಏನು? ವಾಪಸ್ ಬರೋಕೆ ಏನು ಮಾಡಬೇಕು?

ಈ ಮೂರು ಪ್ರಶ್ನೆಗಳಲ್ಲಿ ಮಧ್ಯದ್ದೇ ಹೆಚ್ಚು ಜನರನ್ನ ದಾರಿ ತಪ್ಪಿಸೋದು. ಬಹಳಷ್ಟು ಸಲ "ನಮ್ಮ ತಪ್ಪು" ಅಂತ ಬೆರಳಿಟ್ಟು ತೋರಿಸೋಕೆ ಏನೂ ಇರೋದಿಲ್ಲ. ಅದು ಯಾಕೆ ಅಂತ ಅರ್ಥವಾದ್ರೆ, ಏನು ಮಾಡಬೇಕು, ಏನು ಮಾಡಬಾರದು ಅನ್ನೋದೂ ಅರ್ಥವಾಗುತ್ತೆ.

ಮೊದಲು ಬುನಾದಿ: ಮೂರು ಹೆಜ್ಜೆ

ಸರ್ಚ್ ಎಂಜಿನ್ ಕೆಲಸ ಮೂರು ಹೆಜ್ಜೆಯಲ್ಲಿ ನಡೆಯುತ್ತೆ. ಮೊದಲನೆಯದು ಕ್ರಾಲಿಂಗ್. ಗೂಗಲ್‌ನ ಪ್ರೋಗ್ರಾಂ ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಹಿಡಿದು ಹೋಗಿ ಪುಟಗಳನ್ನ ಓದಿಕೊಂಡು ಬರುತ್ತೆ. ಎರಡನೆಯದು ಇಂಡೆಕ್ಸಿಂಗ್. ಓದಿದ್ದನ್ನ ಪುಸ್ತಕದ ಕೊನೆಯಲ್ಲಿರೋ ಪದಸೂಚಿ ತರಹ ಜೋಡಿಸಿ ಇಡುತ್ತೆ. ಮೂರನೆಯದು ರ‍್ಯಾಂಕಿಂಗ್. ನೀವು "ಅಕ್ಕಿರೊಟ್ಟಿ ಮಾಡುವ ವಿಧಾನ" ಅಂತ ಟೈಪ್ ಮಾಡಿದಾಗ, ಆ ಸೂಚಿಯಲ್ಲಿ ಹೊಂದುವ ಸಾವಿರಾರು ಪುಟಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅಂತ ಕ್ಷಣಾರ್ಧದಲ್ಲಿ ತೀರ್ಮಾನ ಮಾಡುತ್ತೆ.

1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ತಂದ ಪೇಜ್‌ರ‍್ಯಾಂಕ್ ಈ ಮೂರನೇ ಹೆಜ್ಜೆಗೆ ಸಂಬಂಧಿಸಿದ್ದು. ಒಂದು ಪುಟಕ್ಕೆ ಬೇರೆ ಒಳ್ಳೆಯ ಪುಟಗಳು ಲಿಂಕ್ ಕೊಟ್ಟಿದ್ದರೆ ಅದನ್ನ ಒಂದು ಓಟು ಅಂತ ಎಣಿಸೋದು ಅದರ ತಿರುಳು. ಈಗ ಲಿಂಕ್ ಅನ್ನೋದು ನೂರಾರು ಅಂಶಗಳಲ್ಲಿ ಒಂದು ಅಷ್ಟೇ. ನಾವು ಮಾತಾಡೋ ಅಪ್‌ಡೇಟ್‌ಗಳೆಲ್ಲ ಬಹುಪಾಲು ಈ ಮೂರನೇ ಹೆಜ್ಜೆಯಲ್ಲೇ ಆಗೋದು. ನಿಮ್ಮ ಪುಟ ಸೂಚಿಯಲ್ಲಿ ಹಾಗೇ ಇರುತ್ತೆ, ಅದರ ಜಾಗ ಮಾತ್ರ ಬದಲಾಗುತ್ತೆ.

ಅಪ್‌ಡೇಟ್ ಅಂದ್ರೆ ತೂಕ ಬದಲಾಯಿಸೋದು

ಗೂಗಲ್ ತನ್ನ ಸರ್ಚ್‌ನಲ್ಲಿ ದಿನಾ ಬದಲಾವಣೆ ಮಾಡುತ್ತೆ. 2022ರಲ್ಲಿ 4,725 ಬದಲಾವಣೆ ಜಾರಿಗೆ ತಂದಿದ್ದೀವಿ ಅಂತ ಅವರೇ ಹೇಳಿದ್ದಾರೆ. ಅಂದ್ರೆ ದಿನಕ್ಕೆ ಸುಮಾರು 13. ಇವುಗಳಲ್ಲಿ ಹೆಚ್ಚಿನವು ಯಾರ ಗಮನಕ್ಕೂ ಬರೋದಿಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಮಾತ್ರ ದೊಡ್ಡದೊಂದು ಬದಲಾವಣೆ ಮಾಡಿ ಅದನ್ನ ಹೆಸರಿಟ್ಟು ಪ್ರಕಟಿಸ್ತಾರೆ. ಅದೇ ಕೋರ್ ಅಪ್‌ಡೇಟ್. 2024ರಲ್ಲಿ ಮಾರ್ಚ್, ಆಗಸ್ಟ್, ನವೆಂಬರ್, ಡಿಸೆಂಬರ್ ಹೀಗೆ ನಾಲ್ಕು ಬಂದವು.

ಇದನ್ನ ಒಂದು ಲೆಕ್ಕದಿಂದ ನೋಡೋಣ. ಅರ್ಥವಾಗಲಿ ಅಂತ ಅಂಕಿಗಳನ್ನ ನಾನೇ ಹಾಕಿಕೊಂಡಿದ್ದೀನಿ, ನಿಜವಾದ ವ್ಯವಸ್ಥೆ ಇದಕ್ಕಿಂತ ಎಷ್ಟೋ ಜಟಿಲ. ಅಕ್ಕಿರೊಟ್ಟಿ ಬಗ್ಗೆ ಎರಡು ಪುಟ ಇದೆ ಅಂದುಕೊಳ್ಳಿ. ಒಂದು ಮನೆಯವರೇ ಬರೆದ ಬ್ಲಾಗ್, ಇನ್ನೊಂದು ದೊಡ್ಡ ಪೋರ್ಟಲ್. ಮೂರು ವಿಷಯಕ್ಕೆ ಹತ್ತರಲ್ಲಿ ಅಂಕ ಕೊಡೋಣ.

- ಬ್ಲಾಗ್: ಬರಹದ ಗುಣ 9, ಲಿಂಕ್ 3, ಇಡೀ ಸೈಟ್ ಮೇಲಿನ ನಂಬಿಕೆ 5
- ಪೋರ್ಟಲ್: ಬರಹದ ಗುಣ 6, ಲಿಂಕ್ 9, ಇಡೀ ಸೈಟ್ ಮೇಲಿನ ನಂಬಿಕೆ 7

ಬರಹಕ್ಕೆ 70, ಲಿಂಕ್‌ಗೆ 10, ನಂಬಿಕೆಗೆ 20 ಪರ್ಸೆಂಟ್ ತೂಕ ಕೊಟ್ಟರೆ ಬ್ಲಾಗ್‌ಗೆ 7.6, ಪೋರ್ಟಲ್‌ಗೆ 6.5. ಬ್ಲಾಗ್ ಮೇಲೆ. ಈಗ ಅದೇ ತೂಕವನ್ನ 40, 20, 40 ಅಂತ ಬದಲಾಯಿಸಿ. ಬ್ಲಾಗ್ 6.2ಕ್ಕೆ ಇಳಿಯುತ್ತೆ, ಪೋರ್ಟಲ್ 7.0ಕ್ಕೆ ಏರುತ್ತೆ. ಎರಡೂ ಪುಟದಲ್ಲಿ ಏನೂ ಬದಲಾಗಿಲ್ಲ, ಅಂಕಗಳೂ ಅವೇ. ಆದ್ರೂ ಮೇಲಿದ್ದವರು ಕೆಳಗೆ ಬಂದ್ರು.

ನಮ್ಮೂರಿನ ಸಿಇಟಿ ನೆನಪಿಸಿಕೊಂಡ್ರೆ ಇದು ಇನ್ನೂ ಸುಲಭ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿ ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ತೂಕ ಅನ್ನೋದು ಪದ್ಧತಿ. 2021ರಲ್ಲಿ ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ನಡೆಯಲಿಲ್ಲ, ಹಾಗಾಗಿ ಸಿಇಟಿ ಅಂಕ ಮಾತ್ರ ನೋಡಿದ್ರು. ಮರುವರ್ಷ ಆ ಬ್ಯಾಚಿನವರು ಮತ್ತೆ ಸಿಇಟಿ ಬರೆದಾಗ ಅವರ ಪಿಯುಸಿ ಅಂಕ ಸೇರಿಸಬೇಕಾ ಬೇಡವಾ ಅನ್ನೋ ಜಗಳ ಹೈಕೋರ್ಟ್ ಮೆಟ್ಟಿಲೇರಿತು. ಯಾಕೆ ಅಷ್ಟು ಗಲಾಟೆ? ಬರೆದ ಉತ್ತರ ಅದೇ ಆದ್ರೂ ತೂಕ ಬದಲಾದ್ರೆ ಸೀಟು ಬದಲಾಗುತ್ತೆ, ಅದಕ್ಕೆ. ಒಂದೇ ವ್ಯತ್ಯಾಸ ಅಂದ್ರೆ ಸಿಇಟಿಯಲ್ಲಿ ಸೂತ್ರ ಎಲ್ಲರಿಗೂ ಗೊತ್ತು, ಪ್ರಶ್ನೆ ಮಾಡೋಕೆ ಕೋರ್ಟ್ ಇದೆ. ಗೂಗಲ್ ಸೂತ್ರ ಗುಟ್ಟು. ಅದನ್ನ ಬಯಲು ಮಾಡಿದ್ರೆ ಮರುದಿನವೇ ಸ್ಪ್ಯಾಮ್ ಮಾಡೋರು ಅದಕ್ಕೆ ತಕ್ಕ ಹಾಗೆ ಪುಟ ಹೊಲಿದುಬಿಡ್ತಾರೆ, ಹಾಗಾಗಿ ಅವರ ಕಡೆಯಿಂದ ನೋಡಿದ್ರೆ ಅದೂ ಸರಿಯೇ.

2011ರ ಪಾಂಡಾ: ಇಡೀ ಸೈಟ್‌ಗೆ ಒಂದೇ ಅಂಕ

ಈಗಿನ ಅಪ್‌ಡೇಟ್‌ಗಳ ಸ್ವಭಾವ ತಿಳಿಯೋಕೆ 2011ರ ಫೆಬ್ರವರಿಗೆ ಹೋಗಬೇಕು. ಆಗ ಅಮೆರಿಕದಲ್ಲಿ ಕಂಟೆಂಟ್ ಫಾರ್ಮ್ ಅನ್ನೋ ವ್ಯಾಪಾರ ಜೋರಾಗಿತ್ತು. ಜನ ಏನು ಹುಡುಕ್ತಾರೆ ಅಂತ ಮೊದಲೇ ನೋಡಿ, ಆ ಪದಗಳಿಗೆ ತಕ್ಕ ಹಾಗೆ ಕಡಿಮೆ ದುಡ್ಡಿಗೆ ಸಾವಿರಾರು ಲೇಖನ ಬರೆಸಿ, ಜಾಹೀರಾತಿನಿಂದ ಗಳಿಸೋದು. ಇಹೌ ಅನ್ನೋ ಸೈಟ್ ನಡೆಸ್ತಿದ್ದ ಡಿಮಾಂಡ್ ಮೀಡಿಯಾ 2011ರ ಜನವರಿಯಲ್ಲಿ ಷೇರು ಮಾರುಕಟ್ಟೆಗೆ ಬಂದಾಗ ಅದರ ಮೌಲ್ಯ ನ್ಯೂಯಾರ್ಕ್ ಟೈಮ್ಸ್ ಕಂಪನಿಯದ್ದನ್ನೂ ಮೀರಿತ್ತು.

ಮರುತಿಂಗಳೇ ಗೂಗಲ್ ಪಾಂಡಾ ಬಿಡ್ತು. ಈ ಹೆಸರು ಪ್ರಾಣಿಯಿಂದ ಬಂದಿದ್ದಲ್ಲ, ನವನೀತ್ ಪಾಂಡಾ ಅನ್ನೋ ಎಂಜಿನಿಯರ್ ಹೆಸರಿನಿಂದ ಬಂದಿದ್ದು. ಅಮೆರಿಕದ ಹುಡುಕಾಟಗಳಲ್ಲಿ 11.8 ಪರ್ಸೆಂಟ್ ಮೇಲೆ ಎದ್ದು ಕಾಣುವಂಥ ಪರಿಣಾಮ ಆಗುತ್ತೆ ಅಂತ ಗೂಗಲ್ ಹೇಳಿತು. ಏಪ್ರಿಲ್‌ನಲ್ಲಿ ಇದನ್ನ ಜಗತ್ತಿನ ಎಲ್ಲ ಇಂಗ್ಲಿಷ್ ಹುಡುಕಾಟಗಳಿಗೂ ಹಬ್ಬಿಸಿದ್ರು. ಇಹೌಗೆ ದೊಡ್ಡ ಪೆಟ್ಟು ಬಿದ್ದಿದ್ದು ಆವಾಗ.

ಪಾಂಡಾ ಕೆಲಸ ಮಾಡಿದ ರೀತಿ ಎಂಜಿನಿಯರ್ ಆಗಿ ನನಗೆ ಬಹಳ ಕುತೂಹಲದ್ದು. ಮೊದಲು ಮನುಷ್ಯರ ಕೈಲಿ ಸೈಟ್‌ಗಳನ್ನ ಅಳೆಸಿದ್ರು. ಪ್ರಶ್ನೆಗಳು ಹೇಗಿದ್ದವು ಗೊತ್ತಾ? ಈ ಸೈಟ್‌ಗೆ ನಿಮ್ಮ ಕ್ರೆಡಿಟ್ ಕಾರ್ಡ್ ನಂಬರ್ ಕೊಡೋಕೆ ಧೈರ್ಯ ಬರುತ್ತಾ? ಇಲ್ಲಿ ಹೇಳಿದ ಔಷಧಿಯನ್ನ ನಿಮ್ಮ ಮಕ್ಕಳಿಗೆ ಕೊಡ್ತೀರಾ? ಆ ಉತ್ತರಗಳನ್ನ ಇಟ್ಟುಕೊಂಡು, ಮನುಷ್ಯರು ಮೆಚ್ಚಿದ ಸೈಟ್‌ಗೂ ಮೆಚ್ಚದ ಸೈಟ್‌ಗೂ ಇರೋ ಲಕ್ಷಣಗಳನ್ನ ಯಂತ್ರವೇ ಕಲಿಯೋ ಹಾಗೆ ಮಾಡಿದ್ರು. ಆಮೇಲೆ ಆ ಕಲಿಕೆಯನ್ನ ಇಡೀ ವೆಬ್‌ಗೆ ಹಚ್ಚಿದ್ರು.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಯಂತ್ರ ಕಲಿತಿದ್ದು ಒಳ್ಳೆಯತನವನ್ನಲ್ಲ, ಒಳ್ಳೆಯ ಸೈಟ್‌ಗಳ ಹೊರಲಕ್ಷಣಗಳನ್ನ. ಲಕ್ಷಣ ಹೊಂದದ ಒಳ್ಳೆಯ ಸೈಟ್‌ಗೂ ಏಟು ಬೀಳಬಹುದು, ಲಕ್ಷಣ ತೊಟ್ಟ ಕೆಟ್ಟ ಸೈಟ್ ಪಾರಾಗಬಹುದು. ಎರಡು, ಅಂಕ ಬಿದ್ದಿದ್ದು ಪುಟಕ್ಕಷ್ಟೇ ಅಲ್ಲ, ಸೈಟ್‌ಗೆ. ಕಳಪೆ ಪುಟಗಳು ಜಾಸ್ತಿ ಇದ್ದರೆ ಅದೇ ಸೈಟ್‌ನ ಒಳ್ಳೆಯ ಪುಟಗಳೂ ಕೆಳಗಿಳಿದವು. ಹಬ್‌ಪೇಜಸ್ ಅನ್ನೋ ಸೈಟ್‌ನಲ್ಲಿ ಯಾರು ಬೇಕಾದ್ರೂ ಲೇಖನ ಬರೀಬಹುದಿತ್ತು. ಒಬ್ಬರ ಕಳಪೆ ಬರಹದಿಂದ ಇನ್ನೊಬ್ಬರಿಗೆ ನಷ್ಟ ಆಗೋದನ್ನ ತಪ್ಪಿಸೋಕೆ ಅವರು ಒಬ್ಬೊಬ್ಬ ಲೇಖಕರಿಗೂ ಬೇರೆ ಬೇರೆ ಸಬ್‌ಡೊಮೈನ್ ಕೊಡಬೇಕಾಯ್ತು.

ಇಷ್ಟೂ ಇದ್ದರೂ ಪಾಂಡಾ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಹುಡುಕೋರ ಕಡೆಯಿಂದ ನೋಡಿದ್ರೆ ಕಸ ಕಡಿಮೆಯಾಯ್ತು. ಡಿಮಾಂಡ್ ಮೀಡಿಯಾ ಸಾವಿರಾರು ಲೇಖನ ತೆಗೆದುಹಾಕಿತು, 2016ರಲ್ಲಿ ಕಂಪನಿಯ ಹೆಸರನ್ನೇ ಲೀಫ್ ಗ್ರೂಪ್ ಅಂತ ಬದಲಾಯಿಸಿಕೊಂಡಿತು.

ಪೆಂಗ್ವಿನ್ ಕಲಿಸಿದ ಪಾಠ: ತಿದ್ದಿಕೊಂಡರೂ ಕಾಯಬೇಕು

2012ರ ಏಪ್ರಿಲ್ 24ರಂದು ಬಂದ ಪೆಂಗ್ವಿನ್ ಗುರಿ ಇಟ್ಟಿದ್ದು ಲಿಂಕ್‌ಗಳ ಮೇಲೆ. ದುಡ್ಡು ಕೊಟ್ಟು ಲಿಂಕ್ ಕೊಂಡವರು, ಒಬ್ಬರಿಗೊಬ್ಬರು ಸುಳ್ಳು ಓಟು ಹಾಕಿಕೊಂಡವರು ಬಿದ್ದರು. ಇಂಗ್ಲಿಷ್‌ನಲ್ಲಿ ಸುಮಾರು 3.1 ಪರ್ಸೆಂಟ್ ಹುಡುಕಾಟಗಳ ಮೇಲೆ ಪರಿಣಾಮ ಆಯ್ತು.

ನಾನು ಇದನ್ನ ಹೇಳ್ತಿರೋದು ಬೇರೆ ಕಾರಣಕ್ಕೆ. ಆಗ ಪೆಂಗ್ವಿನ್ ಲೆಕ್ಕ ಪ್ರತಿದಿನ ನಡೀತಿರಲಿಲ್ಲ. ಗೂಗಲ್ ಯಾವಾಗ ಅದನ್ನ ಮತ್ತೆ ಓಡಿಸುತ್ತೋ ಆವಾಗ ಮಾತ್ರ ಹೊಸ ಅಂಕ. 2014ರ ಅಕ್ಟೋಬರ್‌ನಲ್ಲಿ ಒಂದು ಸಲ ಓಡಿಸಿದ್ರು, ಮುಂದಿನದು 2016ರ ಸೆಪ್ಟೆಂಬರ್‌ನಲ್ಲಿ. ಮಧ್ಯೆ ಸುಮಾರು ಎರಡು ವರ್ಷ. ಅಷ್ಟರಲ್ಲಿ ಯಾರಾದ್ರೂ ಕೆಟ್ಟ ಲಿಂಕ್‌ಗಳನ್ನೆಲ್ಲ ತೆಗೆಸಿ ಸೈಟ್ ಶುದ್ಧ ಮಾಡಿಕೊಂಡಿದ್ದರೂ ಹಳೇ ಅಂಕವೇ ಅವರ ತಲೆ ಮೇಲೆ ಕೂತಿತ್ತು. ಎರಡು ವರ್ಷ ಬಾಡಿಗೆ ಕಟ್ಟಿಕೊಂಡು ಕಾಯೋ ಶಕ್ತಿ ಎಷ್ಟು ಸಣ್ಣ ವ್ಯಾಪಾರಕ್ಕೆ ಇರುತ್ತೆ? 2016ರ ನಂತರ ಪೆಂಗ್ವಿನ್ ನಿರಂತರವಾಗಿ ನಡೆಯೋ ಹಾಗಾಯ್ತು. ಆದ್ರೆ ಕೋರ್ ಅಪ್‌ಡೇಟ್ ವಿಷಯದಲ್ಲಿ ಆ ಕಾಯುವಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ.

2022ರಿಂದ 2024: ಸಣ್ಣ ಸೈಟ್‌ಗಳ ಕಷ್ಟ

2022ರ ಆಗಸ್ಟ್‌ನಲ್ಲಿ ಗೂಗಲ್ ಹೆಲ್ಪ್‌ಫುಲ್ ಕಂಟೆಂಟ್ ಅನ್ನೋ ಹೊಸ ವ್ಯವಸ್ಥೆ ತಂತು. ಸರ್ಚ್ ಎಂಜಿನ್ ಮೆಚ್ಚಿಸೋಕೆ ಬರೆದದ್ದನ್ನ ಕೆಳಗಿಳಿಸಿ, ಜನರಿಗೋಸ್ಕರ ಬರೆದದ್ದನ್ನ ಮೇಲೆ ತರೋದು ಉದ್ದೇಶ. ಇದೂ ಪಾಂಡಾ ತರಹ ಇಡೀ ಸೈಟ್ ನೋಡೋ ವ್ಯವಸ್ಥೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಇದರ ದೊಡ್ಡ ಅಪ್‌ಡೇಟ್ ಸಣ್ಣ ಸೈಟ್‌ಗಳಿಗೆ ಜೋರು ಏಟು ಕೊಡ್ತು. 2024ರ ಮಾರ್ಚ್ 5ರಿಂದ ಏಪ್ರಿಲ್ 19ರವರೆಗೆ 45 ದಿನ ನಡೆದ ಕೋರ್ ಅಪ್‌ಡೇಟ್‌ನಲ್ಲಿ ಈ ವ್ಯವಸ್ಥೆಯನ್ನ ಮುಖ್ಯ ರ‍್ಯಾಂಕಿಂಗ್ ಒಳಗೇ ಸೇರಿಸಿಬಿಟ್ರು. ಉಪಯೋಗವಿಲ್ಲದ ಬರಹ ಹುಡುಕಾಟದಲ್ಲಿ 45 ಪರ್ಸೆಂಟ್ ಕಡಿಮೆಯಾಯ್ತು ಅಂತ ಗೂಗಲ್ ಹೇಳಿಕೊಂಡಿತು.

ಇದರ ಇನ್ನೊಂದು ಮಗ್ಗುಲು ಹೌಸ್‌ಫ್ರೆಶ್ ಅನ್ನೋ ಸೈಟ್. ಗಾಳಿ ಶುದ್ಧ ಮಾಡೋ ಏರ್ ಪ್ಯೂರಿಫೈಯರ್‌ಗಳನ್ನ ತಾವೇ ತರಿಸಿ, ಪರೀಕ್ಷೆ ಮಾಡಿ ಬರೆಯೋ ಸಣ್ಣ ತಂಡ. ಅನುಭವದಿಂದ ಬರೀರಿ, ಕೈಯಾರೆ ಪರೀಕ್ಷಿಸಿ ಅಂತ ಗೂಗಲ್ ಏನೇನು ಹೇಳುತ್ತೋ ಅದನ್ನೇ ಇವರು ಮಾಡ್ತಿದ್ರು. 2023ರ ಅಕ್ಟೋಬರ್‌ನಲ್ಲಿ ದಿನಕ್ಕೆ ಸುಮಾರು 4,000 ಜನ ಗೂಗಲ್‌ನಿಂದ ಬರ್ತಿದ್ದರು, 2024ರ ಮೇ ಹೊತ್ತಿಗೆ 200ಕ್ಕೆ ಇಳಿಯಿತು ಅಂತ ಅವರೇ ಬರೆದುಕೊಂಡ್ರು. ತಮಗಿಂತ ಮೇಲೆ ಬಂದವರಲ್ಲಿ ದೊಡ್ಡ ಪತ್ರಿಕೆಗಳ ಹೆಸರಿನ ಶಾಪಿಂಗ್ ಪುಟಗಳು ಇದ್ದವು, ಅವುಗಳಲ್ಲಿ ಅನೇಕ ಪರೀಕ್ಷೆಯನ್ನೇ ಮಾಡದೆ ಶಿಫಾರಸು ಮಾಡ್ತಿವೆ ಅನ್ನೋದು ಅವರ ದೂರು.

ನಮ್ಮ ಅಕ್ಕಿರೊಟ್ಟಿ ಲೆಕ್ಕ ಈಗ ನೆನಪಿಸಿಕೊಳ್ಳಿ. ಇಡೀ ಸೈಟ್ ಮೇಲಿನ ನಂಬಿಕೆಗೆ ತೂಕ ಹೆಚ್ಚಾದ್ರೆ ಲಾಭ ಯಾರಿಗೆ? ಹೆಸರು ಮಾಡಿದ ದೊಡ್ಡವರಿಗೆ. ಸ್ಪ್ಯಾಮ್ ತಡೆಯೋಕೆ ಇದು ಸುಲಭದ ದಾರಿ, ಯಾಕಂದ್ರೆ ನಿನ್ನೆ ಹುಟ್ಟಿದ ಸ್ಪ್ಯಾಮ್ ಸೈಟ್‌ಗೆ ಹೆಸರು ಇರೋದಿಲ್ಲ. ಆದ್ರೆ ಪ್ರಾಮಾಣಿಕವಾದ ಸಣ್ಣ ಸೈಟ್‌ಗೂ ದೊಡ್ಡ ಹೆಸರು ಇರೋದಿಲ್ಲ. ಎರಡನ್ನೂ ಬೇರೆ ಮಾಡೋದೇ ಕಷ್ಟದ ಕೆಲಸ. ಗೂಗಲ್ ಕೂಡ ಇದನ್ನ ಒಂದು ಮಟ್ಟಿಗೆ ಒಪ್ಪಿಕೊಳ್ತು ಅನ್ನಬಹುದು. 2024ರ ಆಗಸ್ಟ್ ಅಪ್‌ಡೇಟ್‌ನಲ್ಲಿ ಸಣ್ಣ ಸೈಟ್‌ಗಳವರ ಮಾತನ್ನ ಪರಿಗಣಿಸಿದ್ದೀವಿ ಅಂತ ಹೇಳಿದ್ರು, ಅಕ್ಟೋಬರ್ ಕೊನೆಯಲ್ಲಿ ಏಟು ತಿಂದ ಕೆಲವು ಸೈಟ್‌ಗಳವರನ್ನ ತಮ್ಮ ಕಚೇರಿಗೇ ಕರೆಸಿ ಮಾತಾಡಿದ್ರು. ಕೆಲವರು ಸ್ವಲ್ಪ ಮೇಲೆ ಬಂದ್ರು. ಮೊದಲಿನ ಮಟ್ಟಕ್ಕೆ ಬಾರದವರೇ ಹೆಚ್ಚು.

ಕ್ಲಿಕ್‌ಗಳೂ ಲೆಕ್ಕಕ್ಕೆ ಬರುತ್ತವೆ

ಅಮೆರಿಕ ಸರ್ಕಾರ ಗೂಗಲ್ ಮೇಲೆ ಹೂಡಿದ ಏಕಸ್ವಾಮ್ಯದ ಕೇಸಿನಿಂದ ನಮಗೆ ಒಂದು ಉಪಕಾರ ಆಯ್ತು. 2023ರ ಅಕ್ಟೋಬರ್‌ನಲ್ಲಿ ಸರ್ಚ್ ವಿಭಾಗದ ಹಿರಿಯ ಅಧಿಕಾರಿ ಪಾಂಡು ನಾಯಕ್ ಸಾಕ್ಷಿ ಹೇಳುವಾಗ ನ್ಯಾವ್‌ಬೂಸ್ಟ್ ಅನ್ನೋ ವ್ಯವಸ್ಥೆಯ ಬಗ್ಗೆ ವಿವರ ಕೊಟ್ಟರು. ಜನ ಯಾವ ಹುಡುಕಾಟಕ್ಕೆ ಯಾವ ಫಲಿತಾಂಶ ಒತ್ತಿದ್ರು ಅನ್ನೋ 13 ತಿಂಗಳ ಮಾಹಿತಿಯನ್ನ ಅದು ಬಳಸುತ್ತೆ.

ಇದರಿಂದ ನನ್ನದೊಂದು ಅಂದಾಜು ಹೇಳ್ತೀನಿ, ಅಂದಾಜು ಅಂತಲೇ ತಗೊಳ್ಳಿ. ಪುಟ ಕೆಳಗೆ ಹೋದ್ರೆ ಅದನ್ನ ನೋಡೋರು ಕಡಿಮೆ. ನೋಡೋರು ಕಡಿಮೆಯಾದ್ರೆ ಅದರ ಪರವಾಗಿ ಸೇರೋ ಕ್ಲಿಕ್ ಮಾಹಿತಿಯೂ ಕಡಿಮೆ. ಮೇಲಿರೋರಿಗೆ ಮಾಹಿತಿ ಸೇರ್ತಾ ಹೋಗುತ್ತೆ. ಹಾಗಾಗಿ ಒಮ್ಮೆ ಬಿದ್ದವರು ಎದ್ದು ಬರೋದು ಬೀಳೋದಕ್ಕಿಂತ ನಿಧಾನ. ಬಸ್ ಸ್ಟ್ಯಾಂಡ್ ಒಳಗಿನ ಹೋಟೆಲ್‌ಗೂ ಹಿಂದಿನ ಗಲ್ಲಿಯ ಹೋಟೆಲ್‌ಗೂ ಇರೋ ವ್ಯತ್ಯಾಸ ಇದು. ಗಲ್ಲಿಯಲ್ಲಿ ಊಟ ಎಷ್ಟೇ ಚೆನ್ನಾಗಿರಲಿ, ಜನ ಒಳಗೆ ಬಂದ ಮೇಲೆ ತಾನೆ ರುಚಿ ಗೊತ್ತಾಗೋದು?

ನಿಮ್ಮ ಸೈಟ್ ಬಿದ್ದರೆ ಏನು ನೋಡಬೇಕು

ಈಗ ಕೆಲಸದ ಮಾತು. ಗೂಗಲ್ ಸರ್ಚ್ ಕನ್ಸೋಲ್ ಉಚಿತ, 16 ತಿಂಗಳ ಮಾಹಿತಿ ಅದರಲ್ಲಿರುತ್ತೆ. ಸೈಟ್ ಇದ್ದೂ ಇದನ್ನ ಜೋಡಿಸಿಲ್ಲ ಅಂದ್ರೆ ಇವತ್ತೇ ಜೋಡಿಸಿ.

1. ತಾರೀಖು ನೋಡಿ. ಗೂಗಲ್‌ನ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿ ಪ್ರತಿ ಅಪ್‌ಡೇಟ್ ಯಾವಾಗ ಶುರು, ಯಾವಾಗ ಮುಗೀತು ಅಂತ ಇರುತ್ತೆ. ನಿಮ್ಮ ಕುಸಿತ ಅದಕ್ಕಿಂತ ಹತ್ತು ದಿನ ಮೊದಲೇ ಶುರುವಾಗಿದ್ದರೆ ಕಾರಣ ಬೇರೆ.

2. ಮುಗಿಯೋವರೆಗೆ ಕಾಯಿರಿ. ಅಪ್‌ಡೇಟ್ ಹರಡೋಕೆ ಎರಡು ವಾರ, ಕೆಲವು ಸಲ ಇನ್ನೂ ಹೆಚ್ಚು ಬೇಕು. ಮಧ್ಯದಲ್ಲಿ ಮೇಲೆ ಕೆಳಗೆ ಆಗ್ತಾನೇ ಇರುತ್ತೆ. ಮುಗಿದ ಮೇಲೂ ಒಂದು ವಾರ ಬಿಟ್ಟು, ಅಪ್‌ಡೇಟ್‌ಗೆ ಮುಂಚಿನ ಒಂದು ವಾರದ ಜೊತೆ ಹೋಲಿಸಿ.

3. ಹಬ್ಬ, ಸೀಸನ್ ಲೆಕ್ಕ ಹಾಕಿ. ದೀಪಾವಳಿ ವಾರದ ಜೊತೆ ಅದರ ಮರುವಾರ ಹೋಲಿಸಿದ್ರೆ ಸಿಹಿತಿಂಡಿ ಪುಟಗಳೆಲ್ಲ ಬಿದ್ದ ಹಾಗೇ ಕಾಣುತ್ತೆ. ಹೋದ ವರ್ಷದ ಅದೇ ಹಬ್ಬದ ವಾರ ನೋಡಿ.

4. ಮೂರು ಅಂಕಿಗಳನ್ನ ಬೇರೆ ಬೇರೆ ನೋಡಿ: ಎಷ್ಟು ಸಲ ಕಾಣಿಸ್ತು, ಎಷ್ಟನೇ ಜಾಗ, ಎಷ್ಟು ಕ್ಲಿಕ್. ಇದೇ ಮುಖ್ಯ.

- ಜಾಗ ಕೆಳಗಿಳಿದು ಕ್ಲಿಕ್ ಕಡಿಮೆಯಾಗಿದ್ದರೆ ಅದು ರ‍್ಯಾಂಕಿಂಗ್ ಬದಲಾವಣೆ.
- ಜಾಗ ಹಾಗೇ ಇದ್ದು ಕಾಣಿಸಿದ್ದೇ ಕಡಿಮೆಯಾಗಿದ್ದರೆ ಜನ ಆ ವಿಷಯ ಹುಡುಕೋದೇ ಕಡಿಮೆಯಾಗಿರಬಹುದು.
- ಜಾಗವೂ ಹಾಗೇ, ಕಾಣಿಸಿದ್ದೂ ಹಾಗೇ, ಕ್ಲಿಕ್ ಮಾತ್ರ ಕಡಿಮೆ ಆಗಿದ್ದರೆ ಮೇಲ್ಗಡೆ ಬೇರೇನೋ ಬಂದು ಕೂತಿದೆ. ಜಾಹೀರಾತು ಇರಬಹುದು, ಎಐ ಓವರ್‌ವ್ಯೂ ಇರಬಹುದು.

5. ತಾಂತ್ರಿಕ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಕನ್ಸೋಲ್‌ನಲ್ಲಿ ಮ್ಯಾನ್ಯುಯಲ್ ಆ್ಯಕ್ಷನ್ ಅನ್ನೋ ಭಾಗ ಇದೆ. ಮನುಷ್ಯರು ನೋಡಿ ಶಿಕ್ಷೆ ಹಾಕಿದ್ದರೆ ಅಲ್ಲಿ ಬರೆದಿರುತ್ತೆ. ಹಾಗೇ ಸರ್ವರ್ ನಿಂತುಹೋಗಿತ್ತಾ, ಹೊಸ ಥೀಮ್ ಹಾಕುವಾಗ ನೋಇಂಡೆಕ್ಸ್ ಸೇರಿಕೊಳ್ತಾ ನೋಡಿ.

6. ಕುಸಿತದ ಅಳತೆ ನೋಡಿ. 2ನೇ ಜಾಗದಿಂದ 4ಕ್ಕೆ ಬಂದಿದ್ದರೆ ಏನೂ ಕೆದಕಬೇಡಿ. 4ರಿಂದ 29ಕ್ಕೆ ಹೋಗಿದ್ದರೆ ಮಾತ್ರ ಇಡೀ ಸೈಟ್ ಬಗ್ಗೆ ಗಂಭೀರವಾಗಿ ಯೋಚಿಸಿ. ಈ ಎರಡು ಉದಾಹರಣೆ ಗೂಗಲ್‌ನದ್ದೇ.

ಎಐ ಓವರ್‌ವ್ಯೂ ಬಗ್ಗೆ ಒಂದು ಮಾತು. ಹುಡುಕಾಟದ ಮೇಲ್ಗಡೆ ಯಂತ್ರವೇ ಉತ್ತರ ಬರೆದುಕೊಡೋ ಈ ಸೌಲಭ್ಯ 2024ರ ಮೇನಲ್ಲಿ ಅಮೆರಿಕದಲ್ಲಿ, ಆಗಸ್ಟ್‌ನಲ್ಲಿ ಭಾರತದಲ್ಲಿ ಶುರುವಾಯ್ತು. ಪ್ಯೂ ರಿಸರ್ಚ್ ಸೆಂಟರ್ 2025ರಲ್ಲಿ ಅಮೆರಿಕದ ಬಳಕೆದಾರರನ್ನ ಗಮನಿಸಿದಾಗ, ಎಐ ಸಾರಾಂಶ ಕಂಡ ಹುಡುಕಾಟಗಳಲ್ಲಿ 8 ಪರ್ಸೆಂಟ್‌ನಲ್ಲಿ ಮಾತ್ರ ಸಾಮಾನ್ಯ ಲಿಂಕ್ ಒತ್ತಿದ್ದರು, ಸಾರಾಂಶ ಇಲ್ಲದಿದ್ದಾಗ 15 ಪರ್ಸೆಂಟ್. ಅಂದ್ರೆ ನೀವು ಮೊದಲ ಜಾಗದಲ್ಲೇ ಇದ್ದೂ ಜನ ಬಾರದೆ ಇರಬಹುದು. ಇದನ್ನ ರ‍್ಯಾಂಕಿಂಗ್ ಕುಸಿತ ಅಂದುಕೊಂಡು ಲೇಖನ ತಿದ್ದೋಕೆ ಕೂತರೆ ಶ್ರಮ ದಂಡ.

ಗಾಬರಿಯಲ್ಲಿ ಮಾಡೋ ಕೆಲಸಗಳು

ಕುಸಿತ ಕಂಡ ತಕ್ಷಣ ಹಳೇ ಪುಟಗಳನ್ನೆಲ್ಲ ಅಳಿಸಿಬಿಡೋದು, ಒಳಗೆ ಏನೂ ಬದಲಾಯಿಸದೆ ಲೇಖನದ ತಾರೀಖು ಮಾತ್ರ ಹೊಸದು ಮಾಡೋದು, ಯಾರೋ ಹೇಳಿದ್ರು ಅಂತ ಪ್ರತಿ ಲೇಖನವನ್ನ ಎರಡು ಸಾವಿರ ಪದಕ್ಕೆ ಎಳೆಯೋದು, ಲಿಂಕ್ ಕೊಂಡುಕೊಳ್ಳೋದು. ಇವು ಯಾವುದೂ ನೆರವಾಗಲ್ಲ, ಕೆಲವು ಹಾನಿ ಮಾಡುತ್ತವೆ. "ಒಂದು ವಾರದಲ್ಲಿ ವಾಪಸ್ ತರ್ತೀವಿ" ಅಂತ ದುಡ್ಡು ಕೇಳೋರು ಬಂದ್ರೆ ಕಳಿಸಿಬಿಡಿ. ಸೂತ್ರ ಅವರಿಗೂ ಗೊತ್ತಿಲ್ಲ.

ಅದರ ಬದಲು ನಿಮ್ಮ ಪುಟಕ್ಕಿಂತ ಈಗ ಮೇಲಿರೋ ಐದು ಪುಟ ತೆರೆದು ಓದಿ. ಓದುಗರಿಗೆ ಅಲ್ಲಿ ಸಿಗೋದು ನಿಮ್ಮಲ್ಲಿ ಸಿಗ್ತಿಲ್ಲವಾ? ಜಾಹೀರಾತುಗಳ ಮಧ್ಯೆ ಉತ್ತರ ಹುಡುಕಬೇಕಾಗಿದೆಯಾ? ಬರೆದವರು ಯಾರು ಅಂತ ಗೊತ್ತಾಗುತ್ತಾ? ಉತ್ತರ ಪ್ರಾಮಾಣಿಕವಾಗಿ "ನಮ್ಮದೇ ಚೆನ್ನಾಗಿದೆ" ಅಂತ ಬಂದ್ರೆ ಹಾಗೇ ಬಿಡಿ. ಅದೂ ಸಾಧ್ಯ.

ಕನ್ನಡದ ಸೈಟ್‌ಗಳಿಗೆ

ಪದಗಳ ಸಂದರ್ಭ ಅರ್ಥಮಾಡಿಕೊಳ್ಳೋ ಬರ್ಟ್ ಅನ್ನೋ ತಂತ್ರವನ್ನ ಗೂಗಲ್ 2019ರ ಅಕ್ಟೋಬರ್‌ನಲ್ಲಿ ಇಂಗ್ಲಿಷ್‌ಗೆ ತಂತು. ಡಿಸೆಂಬರ್‌ನಲ್ಲಿ 70ಕ್ಕೂ ಹೆಚ್ಚು ಭಾಷೆಗಳಿಗೆ ಹಬ್ಬಿಸಿದಾಗ ಕನ್ನಡವೂ ಸೇರಿತ್ತು. ಕನ್ನಡದಲ್ಲಿ ಒಂದೇ ಪದಕ್ಕೆ ವಿಭಕ್ತಿ ಸೇರಿ ಹತ್ತಾರು ರೂಪ ಬರೋದ್ರಿಂದ ಬರೀ ಪದ ಹೊಂದಿಸಿ ನೋಡಿದ್ರೆ ಸಾಲದು. "ರೊಟ್ಟಿ", "ರೊಟ್ಟಿಗೆ", "ರೊಟ್ಟಿಯನ್ನು" ಎಲ್ಲ ಒಂದೇ ಅಂತ ಯಂತ್ರಕ್ಕೆ ತಿಳೀಬೇಕು.

ಇನ್ನೊಂದು ಕಡೆ, ಇಂಗ್ಲಿಷ್ ಲೇಖನಗಳನ್ನ ಯಂತ್ರದಿಂದ ಕನ್ನಡಕ್ಕೆ ಸುರಿದು ಸಾವಿರಾರು ಪುಟ ಮಾಡೋ ಸೈಟ್‌ಗಳು ಹೆಚ್ಚಿವೆ. ಬೇರೆಯವರ ಬರಹವನ್ನ ಹೀಗೆ ರಾಶಿ ರಾಶಿ ಅನುವಾದಿಸಿ ಹಾಕೋದನ್ನ ಗೂಗಲ್‌ನ ಸ್ಪ್ಯಾಮ್ ನಿಯಮಗಳು ಹೆಸರಿಸಿಯೇ ತಪ್ಪು ಅನ್ನುತ್ತವೆ. 2024ರ ಮಾರ್ಚ್‌ನಲ್ಲಿ ಆ ನಿಯಮ ಇನ್ನಷ್ಟು ಬಿಗಿಯಾಯ್ತು. ಹೊರನಾಡಿನಲ್ಲಿರೋ ನಮಗೆ ಇಲ್ಲೊಂದು ಅನುಕೂಲ ಇದೆ. ಮಾಟುಂಗಾದಲ್ಲಿ ಊರಿನ ಬೆಲ್ಲ, ಕುಚ್ಚಲಕ್ಕಿ ಯಾವ ಅಂಗಡಿಯಲ್ಲಿ ಸಿಗುತ್ತೆ, ಹೈದರಾಬಾದ್‌ನಲ್ಲಿ ಮಗುವಿಗೆ ಕನ್ನಡ ಎಲ್ಲಿ ಕಲಿಸಬಹುದು, ಇಂಥದ್ದನ್ನ ಅಲ್ಲಿರೋರು ಮಾತ್ರ ಸರಿಯಾಗಿ ಬರೀಬಹುದು. ಅನುವಾದ ಮಾಡೋ ಯಂತ್ರದ ಹತ್ತಿರ ಆ ಮೂಲವೇ ಇಲ್ಲ.

ಪದೇ ಪದೇ ಬರೋ ಮೂರು ಪ್ರಶ್ನೆ

*ಗೂಗಲ್‌ಗೆ ಜಾಹೀರಾತು ಕೊಟ್ಟರೆ ರ‍್ಯಾಂಕ್ ಏರುತ್ತಾ?* ಇಲ್ಲ. ಜಾಹೀರಾತಿಗೂ ಸಾಮಾನ್ಯ ಫಲಿತಾಂಶಕ್ಕೂ ಸಂಬಂಧ ಇಲ್ಲ ಅಂತ ಗೂಗಲ್ ಮೊದಲಿನಿಂದ ಹೇಳ್ತಾ ಬಂದಿದೆ.

*ಎಐ ಬಳಸಿ ಬರೆದ್ರೆ ಶಿಕ್ಷೆನಾ?* 2023ರ ಫೆಬ್ರವರಿಯಲ್ಲಿ ಗೂಗಲ್ ಇದಕ್ಕೆ ಉತ್ತರ ಕೊಟ್ಟಿದೆ: ಹೇಗೆ ಬರೆದಿರಿ ಅನ್ನೋದಲ್ಲ, ಓದುಗರಿಗೆ ಉಪಯೋಗ ಇದೆಯಾ ಅನ್ನೋದು ಮುಖ್ಯ. ರ‍್ಯಾಂಕ್‌ಗೋಸ್ಕರ ರಾಶಿಗಟ್ಟಲೆ ಉತ್ಪಾದನೆ ಮಾಡಿದ್ರೆ ಮಾತ್ರ ಅದು ಸ್ಪ್ಯಾಮ್.

*ಎಷ್ಟು ದಿನಕ್ಕೆ ವಾಪಸ್ ಬರಬಹುದು?* ಸಣ್ಣ ತಿದ್ದುಪಡಿಯ ಫಲ ಕೆಲವು ವಾರದಲ್ಲಿ ಕಾಣಬಹುದು. ಇಡೀ ಸೈಟ್ ಅಂಕ ಬದಲಾಗಬೇಕಾದ್ರೆ ತಿಂಗಳುಗಳು, ಎಷ್ಟೋ ಸಲ ಮುಂದಿನ ಕೋರ್ ಅಪ್‌ಡೇಟ್‌ವರೆಗೆ. ಬಂದೇ ಬರುತ್ತೆ ಅನ್ನೋ ಭರವಸೆ ಯಾರೂ ಕೊಡೋಕಾಗಲ್ಲ.

ಕೊನೆಗೆ

2024ರ ಆಗಸ್ಟ್ 5ರಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಸಾಮಾನ್ಯ ಸರ್ಚ್‌ನಲ್ಲಿ ಗೂಗಲ್ ಏಕಸ್ವಾಮ್ಯ ಹೊಂದಿದೆ, ಅದನ್ನ ಕಾನೂನುಬಾಹಿರವಾಗಿ ಕಾಪಾಡಿಕೊಂಡಿದೆ ಅಂತ ತೀರ್ಪು ಕೊಟ್ಟರು. ಅಲ್ಲಿ ಹತ್ತರಲ್ಲಿ ಒಂಬತ್ತು ಹುಡುಕಾಟ ಗೂಗಲ್ ಮೂಲಕವೇ ನಡೆಯುತ್ತೆ. ಇನ್ನೂ ನಾಲ್ಕು ಸರ್ಚ್ ಎಂಜಿನ್‌ಗಳು ಸಮಬಲದಲ್ಲಿದ್ದರೆ ಒಂದರಲ್ಲಿ ಬಿದ್ದವರು ಇನ್ನೊಂದರಲ್ಲಿ ಉಳೀತಿದ್ದರು. ಒಬ್ಬರೇ ತೂಗೋದ್ರಿಂದ ಒಂದು ತೂಕ ಬದಲಾದ್ರೆ ಒಂದು ಮನೆಯ ಆದಾಯವೇ ನಿಂತುಹೋಗುತ್ತೆ.

ಹಾಗಾಗಿ ವೆಬ್‌ಸೈಟ್ ಇಟ್ಟುಕೊಂಡಿರೋ ಎಲ್ಲರಿಗೂ ನನ್ನ ಸಲಹೆ: ಚೆನ್ನಾಗಿ ನಡೀತಿರೋವಾಗಲೇ, ಬರೋರಲ್ಲಿ ನೂರಕ್ಕೆ ಎಷ್ಟು ಜನ ಗೂಗಲ್‌ನಿಂದ ಬರ್ತಾರೆ ಅಂತ ಲೆಕ್ಕ ಹಾಕಿ. ಎಂಬತ್ತು ತೊಂಬತ್ತು ಇದ್ದರೆ ಇವತ್ತಿನಿಂದಲೇ ಬೇರೆ ದಾರಿ ತೆರೆಯಿರಿ. ಇಷ್ಟಪಟ್ಟು ಓದೋರ ಇಮೇಲ್ ಪಟ್ಟಿ, ವಾಟ್ಸ್ಆ್ಯಪ್ ಚಾನೆಲ್, ನಿಮ್ಮೂರಿನ ಕನ್ನಡ ಸಂಘದ ಬಳಗ, ಯಾವುದಾದ್ರೂ ಸರಿ. ಸೈಟ್‌ನ ಹೆಸರು ನೆನಪಿಟ್ಟುಕೊಂಡು ನೇರವಾಗಿ ಬರೋ ನೂರು ಜನ ಯಾವ ಅಪ್‌ಡೇಟ್ ಬಂದ್ರೂ ಬರ್ತಾರೆ.

ಮುಂದಿನ ವಿಡಿಯೋದಲ್ಲಿ ಸರ್ಚ್ ಕನ್ಸೋಲ್ ಅನ್ನೇ ತೆರೆದು, ಮೇಲೆ ಹೇಳಿದ ಆರು ಹೆಜ್ಜೆಯನ್ನ ಒಂದೊಂದಾಗಿ ಮಾಡಿ ತೋರಿಸ್ತೀನಿ. ಅಲ್ಲಿವರೆಗೆ ನಿಮ್ಮ ಸೈಟ್‌ನ ಅಂಕಿಗಳನ್ನ ಒಮ್ಮೆ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಹದಿನಾರು ತಿಂಗಳಿಗಿಂತ ಹಳೇದು ಅಲ್ಲಿ ಸಿಗೋದಿಲ್ಲ.